ಮೋಟಾರು ವಿಮೆ ನಡೆದುಬಂದ ದಾರಿ

ನಿಮ್ಮ ಮನೆಯಲ್ಲಿ ಕಾರಿದ್ದರೆ ಅದರ ಮುಂಭಾಗದ ಪುಟ್ಟ ಪೆಟ್ಟಿಗೆಯಲ್ಲಿ ಒಂದಿಷ್ಟು ಕಾಗದಗಳು ಇರುತ್ತವೆ. ಕೆಲವರು ಈಗ ಅವನ್ನು ಫೋನಿನಲ್ಲಿಯೇ ಇಟ್ಟುಕೊಂಡಿರುವುದೂ ಉಂಟು. ಅವುಗಳಲ್ಲಿ ಒಂದು ವಿಮೆಯ ಕಾಗದ. ಕಂತಿನ ಹಣ ಕಟ್ಟುವ ದಿನ ಅದರ ನೆನಪು ಬರುತ್ತದೆ. ರಸ್ತೆಯ ತಿರುವಿನಲ್ಲಿ ಪೊಲೀಸಿನವರು ಕೈ ಅಡ್ಡ ಹಿಡಿದಾಗ ಮತ್ತೊಮ್ಮೆ ಬರುತ್ತದೆ. ಉಳಿದ ದಿನಗಳಲ್ಲಿ ಅದರ ಗೊಡವೆ ಯಾರಿಗೂ ಇಲ್ಲ.

ಈ ಕಾಗದ ಯಾರಿಗಾಗಿ ಎಂದು ಯಾರಾದರೂ ಕೇಳಿದರೆ ನಾವು ಥಟ್ಟನೆ ಕೊಡುವ ಉತ್ತರ, “ಕಾರಿಗಾಗಿ” ಎಂದು. ಉತ್ತರ ಸಹಜವಾದದ್ದೇ, ಆದರೆ ಪೂರ್ತಿ ಸರಿಯಲ್ಲ. ಕಾನೂನು ನಿಮ್ಮಿಂದ ಕಡ್ಡಾಯವಾಗಿ ಮಾಡಿಸುವ ವಿಮೆಗೆ ನಿಮ್ಮ ಕಾರಿನ ಕ್ಷೇಮದ ಚಿಂತೆ ಎಳ್ಳಷ್ಟೂ ಇಲ್ಲ. ಕಾರು ನಜ್ಜುಗುಜ್ಜಾಗಲಿ, ಕಳವಾಗಲಿ, ಬೆಂಕಿಗೆ ಆಹುತಿಯಾಗಲಿ, ಅದು ನಿಮ್ಮ ಪಾಡು. ಕಾನೂನು ಕೇಳುವ ಪ್ರಶ್ನೆ ಒಂದೇ: ನಿಮ್ಮ ಗಾಡಿ ತಗುಲಿ ಬಿದ್ದವನ ಗತಿಯೇನು? ಈ ಪ್ರಶ್ನೆಯನ್ನು ಕೇಳಲು ಕಾನೂನಿಗೆ ಹಲವು ವರ್ಷ ಬೇಕಾಯಿತು. ಅದಕ್ಕೆ ಉತ್ತರ ಕಂಡುಕೊಳ್ಳಲು ಇನ್ನೂ ಹಲವು ವರ್ಷ ಹಿಡಿಯಿತು. ಮೋಟಾರು ವಿಮೆಯ ಕಥೆಯೆಂದರೆ ಹೆಚ್ಚುಕಡಿಮೆ ಇಷ್ಟೇ.

ಮೊದಲು ವಿಮೆಯ ತತ್ತ್ವವನ್ನು ಎರಡು ಮಾತಿನಲ್ಲಿ ನೆನೆಯೋಣ. ಸಾವಿರ ಮಂದಿ ಒಂದೊಂದು ಸಣ್ಣ ಮೊಬಲಗನ್ನು ಒಂದು ಗಂಟಿಗೆ ಹಾಕುತ್ತಾರೆ. ಆ ವರ್ಷ ಯಾರಿಗೆ ಕೇಡು ಒದಗುತ್ತದೆಂದು ಯಾರಿಗೂ ತಿಳಿಯದು. ಕೆಲವರಿಗೆ ಒದಗುವುದು ಮಾತ್ರ ಖಂಡಿತ. ಹಾಗೆ ಒದಗಿದವರಿಗೆ ಆ ಗಂಟಿನಿಂದ ನಷ್ಟ ತುಂಬಿಕೊಡುತ್ತಾರೆ. ಹಡಗಿನ ವಿಮೆ, ಬೆಂಕಿಯ ವಿಮೆ ಎಲ್ಲವೂ ಹೀಗೆಯೇ ಬೆಳೆದವು. ಅವುಗಳಲ್ಲಿ ಇಬ್ಬರೇ ಪಾತ್ರಧಾರಿಗಳು: ಹಣ ಕಟ್ಟುವವನು ಒಬ್ಬ, ಕಂಪನಿ ಇನ್ನೊಬ್ಬ. ಹಡಗು ಮುಳುಗಿದರೆ ಹಡಗಿನ ಒಡೆಯನಿಗೆ ನಷ್ಟ, ಅವನಿಗೇ ಪರಿಹಾರ. ಮೋಟಾರು ಬಂದ ಮೇಲೆ ರಂಗಕ್ಕೆ ಮೂರನೆಯವನೊಬ್ಬ ಬಂದ. ಅವನು ಹಣ ಕಟ್ಟಿದವನಲ್ಲ, ಪಾಲಿಸಿಗೆ ಸಹಿ ಹಾಕಿದವನಲ್ಲ. ತನ್ನ ಪಾಡಿಗೆ ತಾನು ರಸ್ತೆ ದಾಟುತ್ತಿದ್ದವನು. ‘ಥರ್ಡ್ ಪಾರ್ಟಿ’ ಎಂದು ವಿಮೆಯ ಏಜೆಂಟರು ಹೇಳುವುದು ಇವನನ್ನೇ.

1896ರ ಆಗಸ್ಟ್ 17ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ಸಿನ ಆವರಣದಲ್ಲಿ ಜನರಿಗೆ ಮೋಟಾರು ಗಾಡಿ ಓಡಿಸಿ ತೋರಿಸುತ್ತಿದ್ದರು. ಅಲ್ಲಿಗೆ ಬಂದಿದ್ದ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಹೆಂಗಸಿಗೆ ಗಾಡಿ ತಗುಲಿತು, ಆಕೆ ತೀರಿಕೊಂಡಳು. ಬ್ರಿಟನ್ನಿನಲ್ಲಿ ಪೆಟ್ರೋಲ್ ಕಾರಿಗೆ ಸಿಕ್ಕಿ ಸತ್ತ ಮೊದಲ ಪಾದಚಾರಿ ಆಕೆ. ಗಾಡಿ ಗಂಟೆಗೆ ನಾಲ್ಕು ಮೈಲಿಯ ವೇಗದಲ್ಲಿತ್ತೆಂದು ಚಾಲಕ ಹೇಳಿದ. ನಡೆಯುವವನೂ ಬಿರುಸಾಗಿ ಹೆಜ್ಜೆ ಹಾಕಿದರೆ ಅಷ್ಟು ದೂರ ಹೋದಾನು! ವಿಚಾರಣೆ ಮಾಡಿದವರು ಅದನ್ನು ಆಕಸ್ಮಿಕ ಮರಣವೆಂದು ತೀರ್ಮಾನಿಸಿದರು. ಅದೇ ವರ್ಷ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಕಾಯಿದೆ ಮೋಟಾರುಗಳ ವೇಗದ ಮಿತಿಯನ್ನು ಗಂಟೆಗೆ 14 ಮೈಲಿಗೆ ಏರಿಸಿತು. ಹೀಗೆ ಗಾಡಿ ಮುಂದೆ ಓಡಿತು. ಬಿದ್ದವರ ಮಾತು ಹಿಂದೆ ಉಳಿಯಿತು.

ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿಯೇ ಅಮೆರಿಕದಲ್ಲಿ ಮೋಟಾರು ವಿಮೆ ಮಾರಾಟಕ್ಕೆ ಬಂತು. ವಿಮೆಯವರ ಬಳಿ ಆಗ ಇದ್ದದ್ದು ಕುದುರೆಗಾಡಿಗಳಿಗೆಂದು ಬರೆದಿಟ್ಟ ನಮೂನೆಗಳು. ಅವನ್ನೇ ಒಂದಿಷ್ಟು ತಿದ್ದಿ ಹೊಸ ಗಾಡಿಗೆ ಹೊಂದಿಸಿದರು. ಆದರೆ ಈ ವಿಮೆ ಐಚ್ಛಿಕವಾದದ್ದು. ಆಸ್ತಿವಂತನಾದವನು ‘ನಾಳೆ ನನ್ನ ಮೇಲೆ ಯಾರಾದರೂ ದಾವೆ ಹಾಕಿದರೆ ಏನು ಗತಿ’ ಎಂದು ಹೆದರಿ ವಿಮೆ ಮಾಡಿಸಿಕೊಳ್ಳುತ್ತಿದ್ದ. ಕೈಯಲ್ಲಿ ಕಾಸಿಲ್ಲದೆ ಹಳೆಯ ಗಾಡಿಯೊಂದನ್ನು ಹೇಗೋ ಕೊಂಡು ಓಡಿಸುತ್ತಿದ್ದವನಿಗೆ ಆ ಹೆದರಿಕೆ ಇರಲಿಲ್ಲ. ಅವನ ಗಾಡಿಗೆ ಸಿಕ್ಕಿದವನು ಕೋರ್ಟಿನಲ್ಲಿ ಗೆದ್ದರೂ ಡಿಕ್ರಿಯ ಕಾಗದವನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಕೂರಬೇಕಾಗಿತ್ತು. ಅಂದರೆ, ವಿಮೆಯ ಅಗತ್ಯ ಎಲ್ಲಿ ಹೆಚ್ಚಾಗಿತ್ತೋ ಅಲ್ಲಿಯೇ ವಿಮೆ ಇರಲಿಲ್ಲ. ಇದನ್ನು ಮನಗಂಡ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 1927ರಿಂದ ಮೋಟಾರು ವಿಮೆಯನ್ನು ಕಡ್ಡಾಯ ಮಾಡಿತು.

ವಿಮೆ ಇದ್ದರೂ ಬಿದ್ದವನಿಗೆ ಹಣ ಸಿಗದಿರುವುದು ಸಾಧ್ಯವೇ? ಸಾಧ್ಯವಾಗಿತ್ತು. 1928ರಲ್ಲಿ ಇಂಗ್ಲೆಂಡಿನ ನ್ಯಾಯಸ್ಥಾನದ ಮುಂದೆ ಹ್ಯಾರಿಂಗ್ಟನ್ ಮೋಟಾರ್ ಕಂಪನಿಯ ಮೊಕದ್ದಮೆಯೊಂದು ಬಂತು. ಆ ಕಂಪನಿಯಿಂದ ಒಬ್ಬನಿಗೆ ಅಪಘಾತದಲ್ಲಿ ಗಾಯವಾಗಿತ್ತು. ಅವನು ದಾವೆ ಹೂಡಿ ಗೆದ್ದ. ಅಷ್ಟರಲ್ಲಿ ಕಂಪನಿ ದಿವಾಳಿಯೆದ್ದಿತು. ವಿಮಾ ಸಂಸ್ಥೆ ಕೊಡಬೇಕಾದ ಹಣವನ್ನು ಪ್ರಾಮಾಣಿಕವಾಗಿಯೇ ಕೊಟ್ಟಿತು. ಆದರೆ ಕೊಟ್ಟದ್ದು ದಿವಾಳಿ ಕಂಪನಿಯ ಲೆಕ್ಕ ತೀರಿಸುವ ಅಧಿಕಾರಿಗೆ. ಆ ಹಣ ಕಂಪನಿಯ ಆಸ್ತಿ, ಅದಕ್ಕೆ ಸಾಲ ಕೊಟ್ಟವರೆಲ್ಲರಿಗೂ ಅದರಲ್ಲಿ ಪಾಲು ಎಂದು ನ್ಯಾಯಸ್ಥಾನ ಹೇಳಿತು. ಕಾನೂನಿನ ಅಕ್ಷರಕ್ಕೆ ತಪ್ಪಿದ ತೀರ್ಪೇನೂ ಅಲ್ಲ ಅದು. ಕರಾರು ಆಗಿದ್ದದ್ದು ಗಾಡಿಯ ಒಡೆಯನಿಗೂ ವಿಮೆಯವರಿಗೂ ಮಧ್ಯೆ. ಮೂರನೆಯವನಿಗೆ ಅದರಲ್ಲಿ ಮಾತೇ ಇಲ್ಲ. ಮೈ ಮುರಿದುಕೊಂಡವನು ಒಬ್ಬ. ಆ ನೋವಿನ ಬೆಲೆಯಾಗಿ ಬಂದ ಹಣದಲ್ಲಿ ಸಾಲ ಕೊಟ್ಟವರಿಗೆಲ್ಲ ಪಾಲು! ಕಾನೂನು ತನ್ನ ಮುಖವನ್ನು ತಾನೇ ಕನ್ನಡಿಯಲ್ಲಿ ನೋಡಿಕೊಂಡು ನಾಚುವಂತಾಯಿತು.

1930ರಲ್ಲಿ ಬ್ರಿಟನ್ನು ಎರಡು ಕಾಯಿದೆಗಳನ್ನು ಮಾಡಿತು. ಗಾಡಿಯ ಒಡೆಯ ದಿವಾಳಿಯಾದರೆ ವಿಮೆಯ ಹಣದ ಮೇಲಿನ ಹಕ್ಕು ನೇರವಾಗಿ ನೊಂದವನಿಗೆ ಸೇರುವುದೆಂದಿತು ಒಂದು. ಇನ್ನೊಂದು ರಸ್ತೆ ಸಂಚಾರದ ಕಾಯಿದೆ. ಮೂರನೆಯವರ ಬಾಬಿನ ವಿಮೆಯಿಲ್ಲದೆ ಗಾಡಿ ರಸ್ತೆಗೆ ಇಳಿಯಕೂಡದೆಂದು ಅದು ವಿಧಿಸಿತು. 1931ರ ಜನವರಿ 1ರಿಂದ ಈ ಕಡ್ಡಾಯ ಜಾರಿಗೆ ಬಂತು. ಅದೇ ಕಾಯಿದೆ ಕಾರುಗಳಿಗೆ ಇದ್ದ ವೇಗದ ಮಿತಿಯನ್ನು ತೆಗೆದುಹಾಕಿತೆಂಬುದನ್ನೂ ಇಲ್ಲಿ ಹೇಳಬೇಕು. ಒಂದು ಕೈಯಲ್ಲಿ ಕಡಿವಾಣ ಬಿಚ್ಚಿ, ಇನ್ನೊಂದು ಕೈಯಲ್ಲಿ ಮುಲಾಮು ಹಿಡಿದಂತಾಯಿತು!

ಈಗ ನಮ್ಮ ದೇಶಕ್ಕೆ ಬರೋಣ. ಮೋಟಾರು ಗಾಡಿಗಳಿಗೆ ಸಂಬಂಧಿಸಿದಂತೆ ಭಾರತಕ್ಕೆ 1914ರಲ್ಲಿಯೇ ಒಂದು ಕಾಯಿದೆ ಬಂದಿತ್ತು. ಗಾಡಿಗೆ ನೋಂದಣಿ, ಚಾಲಕನಿಗೆ ಲೈಸೆನ್ಸು ಎಂಬ ವಿಷಯಗಳು ಅದರಲ್ಲಿದ್ದವು, ವಿಮೆಯ ಕಡ್ಡಾಯವಿರಲಿಲ್ಲ. 1936–37ರಲ್ಲಿ ಮೋಟಾರು ವಿಮೆಯ ವಿಚಾರವಾಗಿಯೇ ಒಂದು ಸಮಿತಿ ಕುಳಿತಿತು. ಅದರ ಬೆನ್ನಿಗೆ 1939ರ ಮೋಟಾರು ವಾಹನಗಳ ಕಾಯಿದೆ ಬಂತು. ಬ್ರಿಟನ್ನಿನ ಮಾದರಿಯನ್ನು ಅನುಸರಿಸಿ ಅದರ ಎಂಟನೆಯ ಅಧ್ಯಾಯದಲ್ಲಿ ಕಡ್ಡಾಯ ವಿಮೆಯ ನಿಯಮಗಳನ್ನು ಬರೆದರು. ಆದರೆ ಮಧ್ಯೆ ಮಹಾಯುದ್ಧ ಬಂತು. ಆ ಅಧ್ಯಾಯ ಜಾರಿಗೆ ಬಂದದ್ದು 1946ರ ಜುಲೈ 1ರಿಂದ.

ಆ ಕಾಯಿದೆಯ ಮುಖ್ಯ ಮರ್ಮವೇನೆಂದರೆ, ಕರಾರಿನಲ್ಲಿ ಹೆಸರಿಲ್ಲದವನಿಗೂ ಅದು ಹಕ್ಕು ಕೊಟ್ಟಿತು. ಗಾಡಿಯ ಒಡೆಯನ ಮೇಲೆ ತೀರ್ಪಾದರೆ ಆ ಹಣವನ್ನು ವಿಮಾ ಸಂಸ್ಥೆ ತಾನೇ ಸಾಲಗಾರನೋ ಎಂಬಂತೆ ನೇರವಾಗಿ ತೆರಬೇಕು. ಅದು ಎತ್ತಬಹುದಾದ ಆಕ್ಷೇಪಗಳನ್ನೂ ಕಾಯಿದೆಯೇ ಎಣಿಸಿ ಹೇಳಿತು. ಪಟ್ಟಿಯಲ್ಲಿ ಇಲ್ಲದ ನೆಪವನ್ನು ವಿಮೆಯವರು ಹೇಳುವಂತಿಲ್ಲವೆಂದು 1959ರಲ್ಲಿ ಕ್ಯಾಪ್ಟನ್ ಇತ್ಬಾರ್ ಸಿಂಗ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು.

ಹಕ್ಕು ಬಂದರೂ ಅದನ್ನು ಪಡೆಯುವ ದಾರಿ ಸುಲಭವಾಗಿರಲಿಲ್ಲ. ಸಿವಿಲ್ ಕೋರ್ಟಿಗೆ ಹೋಗಬೇಕು, ಕೇಳುವ ಮೊಬಲಗಿಗೆ ತಕ್ಕಂತೆ ಕೋರ್ಟು ಫೀಜು ಕಟ್ಟಬೇಕು, ವರ್ಷಗಟ್ಟಲೆ ಅಲೆಯಬೇಕು. ದುಡಿಯುವ ಗಂಡನನ್ನು ಕಳೆದುಕೊಂಡ ಹೆಂಗಸು ಫೀಜಿಗೆ ಹಣ ಎಲ್ಲಿಂದ ತಂದಾಳು? 1956ರ ತಿದ್ದುಪಡಿ ಇದಕ್ಕಾಗಿಯೇ ಅಪಘಾತ ಪರಿಹಾರದ ಟ್ರಿಬ್ಯೂನಲ್ಲುಗಳನ್ನು ಏರ್ಪಡಿಸಿತು. ಆದರೂ ತೊಡಕು ಪೂರ್ತಿ ತೀರಲಿಲ್ಲ. 1979ರಲ್ಲಿ ಹರಿಯಾಣದ ಒಂದು ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ರಾಜ್ಯದ ಬಸ್ಸಿಗೆ ಸಿಕ್ಕಿ ಸತ್ತವನ ವಿಧವೆಯೂ ಮಗಳೂ ತಾವು ಬಡವರು, ಫೀಜಿಲ್ಲದೆ ಅರ್ಜಿ ಸ್ವೀಕರಿಸಬೇಕು ಎಂದು ಕೇಳಿಕೊಂಡಿದ್ದರು. ಅದು ಕೂಡದೆಂದು ಸರ್ಕಾರವೇ ಮೇಲ್ಮನವಿ ಮಾಡಿತ್ತು. ನ್ಯಾಯಮೂರ್ತಿ ವಿ. ಆರ್. ಕೃಷ್ಣಯ್ಯರ್ ಅವರಿದ್ದ ಪೀಠ ಆ ಮೇಲ್ಮನವಿಯನ್ನು ತಳ್ಳಿಹಾಕಿತು.

ಇನ್ನೊಂದು ತೊಡಕು ತಪ್ಪನ್ನು ರುಜುವಾತುಪಡಿಸುವುದು. ಚಾಲಕನ ಅಜಾಗರೂಕತೆಯಿಂದಲೇ ಅಪಘಾತವಾಯಿತೆಂದು ನೊಂದವರು ತೋರಿಸಿಕೊಡಬೇಕಿತ್ತು. ನೋಡಿದವರು ಸಾಕ್ಷಿಗೆ ಬರಲು ಹಿಂಜರಿಯುತ್ತಾರೆ. ಸತ್ತವನು ಎದ್ದು ಬಂದು ಹೇಳುವಂತಿಲ್ಲ. 1982ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿ, ತಪ್ಪು ಯಾರದೇ ಆಗಿರಲಿ, ಮರಣಕ್ಕೆ 15,000 ರೂಪಾಯಿ, ಶಾಶ್ವತ ಅಂಗವೈಕಲ್ಯಕ್ಕೆ 7,500 ರೂಪಾಯಿ ಮೊದಲು ಕೊಡತಕ್ಕದ್ದು ಎಂದಿತು. ಗುದ್ದಿ ಓಡಿಹೋದ ಗಾಡಿ ಯಾವುದೆಂದೇ ತಿಳಿಯದಿದ್ದಾಗ ಕೊಡಲು ಒಂದು ನಿಧಿಯನ್ನೂ ಏರ್ಪಡಿಸಿತು. 1939ರ ಕಾಯಿದೆಯ ಸ್ಥಾನದಲ್ಲಿ ಈಗಿರುವ 1988ರ ಕಾಯಿದೆ ಜಾರಿಗೆ ಬಂದದ್ದು 1989ರ ಜುಲೈ 1ರಿಂದ. ಮೊಬಲಗುಗಳು ಅನಂತರ ಏರುತ್ತ ಬಂದವು. 2022ರ ಏಪ್ರಿಲ್ 1ರಿಂದ, ಗುದ್ದಿ ಪರಾರಿಯಾದ ಪ್ರಕರಣಗಳಲ್ಲಿ ಮರಣಕ್ಕೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಎಂದು ಗೊತ್ತುಮಾಡಲಾಗಿದೆ.

ಗಾಡಿಯ ಒಡೆಯ ಕರಾರಿನ ಷರತ್ತನ್ನು ಮುರಿದಿದ್ದರೆ ಏನಾಗಬೇಕು? ಲೈಸೆನ್ಸಿಲ್ಲದವನ ಕೈಗೆ ಗಾಡಿ ಕೊಟ್ಟಿದ್ದರೆ ವಿಮೆಯವರು ಕೈ ಝಾಡಿಸಿಕೊಳ್ಳಬಹುದೇ? 1987ರಲ್ಲಿ ಸ್ಕಾಂಡಿಯಾ ವಿಮಾ ಕಂಪನಿಯ ಮೊಕದ್ದಮೆಯಲ್ಲಿ ಈ ಪ್ರಶ್ನೆ ಎದ್ದಿತು. ಲಾರಿಯ ಚಾಲಕ ಎಂಜಿನ್ನನ್ನು ನಿಲ್ಲಿಸದೆ, ಕ್ಲೀನರನ ಸುಪರ್ದಿಗೆ ಗಾಡಿ ಬಿಟ್ಟು ತಿಂಡಿ ತರಲು ಹೋಗಿದ್ದ. ಲಾರಿ ಚಲಿಸಿತು, ಒಬ್ಬನ ಪ್ರಾಣ ಹೋಯಿತು. ಕ್ಲೀನರನಿಗೆ ಲೈಸೆನ್ಸಿರಲಿಲ್ಲವೆಂದು ಕಂಪನಿ ವಾದಿಸಿತು. ಒಡೆಯನಾದರೋ ಲೈಸೆನ್ಸಿದ್ದ ಚಾಲಕನನ್ನೇ ನೇಮಿಸಿದ್ದ. ಬೇಕೆಂದು ಷರತ್ತು ಮುರಿದವನು ಅವನಲ್ಲ, ಆದುದರಿಂದ ಕಂಪನಿ ಪರಿಹಾರ ಕೊಡಲೇಬೇಕೆಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಈ ವಿಚಾರ ಇನ್ನೂ ಬೆಳೆಯಿತು. ಷರತ್ತು ಮುರಿದದ್ದು ನಿಜವೆಂದು ಕಂಡ ಸಂದರ್ಭದಲ್ಲಿಯೂ ಕಂಪನಿ ಮೊದಲು ನೊಂದವರಿಗೆ ಹಣ ಕೊಡಲಿ, ಅನಂತರ ಒಡೆಯನಿಂದ ಅದನ್ನು ವಸೂಲು ಮಾಡಿಕೊಳ್ಳಲಿ ಎಂದು ಆಜ್ಞೆ ಮಾಡಬಹುದೆಂಬ ದಾರಿ ಗಟ್ಟಿಯಾಯಿತು. ಕಾರಿನ ಒಡೆಯರಾದ ನೀವು ಈ ಮಾತಿನ ಇನ್ನೊಂದು ಮಗ್ಗುಲನ್ನು ಗಮನಿಸಬೇಕು. ಲೈಸೆನ್ಸಾಗದ ಮಗನ ಕೈಗೆ ‘ಇಲ್ಲೇ ಮೂಲೆಯ ಅಂಗಡಿಗೆ ತಾನೇ’ ಎಂದು ಕೀಲಿಕೈ ಕೊಟ್ಟರೆ, ವಿಮೆ ಇದ್ದೂ ಪರಿಹಾರದ ಹೊರೆ ಕಡೆಗೆ ನಿಮ್ಮ ಮನೆಯ ಮೇಲೆಯೇ ಬರಬಹುದು.

ಇಷ್ಟು ಹೊತ್ತು ಹೇಳಿದ್ದು ಕಡ್ಡಾಯದ ಭಾಗ. ನಿಮ್ಮ ಸ್ವಂತ ಕಾರಿನ ನಷ್ಟಕ್ಕಾಗಿ ಮಾಡಿಸುವ ವಿಮೆ ನಿಮ್ಮ ಇಷ್ಟಕ್ಕೆ ಬಿಟ್ಟದ್ದು. ಇವೆರಡೂ ಸೇರಿದ್ದನ್ನು ‘ಪ್ಯಾಕೇಜ್’ ಅಥವಾ ‘ಸಮಗ್ರ’ ಪಾಲಿಸಿ ಎನ್ನುತ್ತಾರೆ. ಸ್ವಂತ ನಷ್ಟದ ಭಾಗದ ಲೆಕ್ಕ ನಡೆಯುವುದು ಕಾರಿನ ಇಂದಿನ ಬೆಲೆಯ ಮೇಲೆ. ಮಾದರಿ ಪಾಲಿಸಿಯ ಪ್ರಕಾರ ಒಂದು ವರ್ಷ ದಾಟಿ ಎರಡು ವರ್ಷದೊಳಗಿನ ಕಾರಿಗೆ ನೂರಕ್ಕೆ 20ರಷ್ಟು, ನಾಲ್ಕು ದಾಟಿ ಐದರೊಳಗಿನದಕ್ಕೆ ನೂರಕ್ಕೆ 50ರಷ್ಟು ಸವಕಳಿ ಕಳೆಯುತ್ತಾರೆ. ಅಂಗಡಿಯಲ್ಲಿ 6 ಲಕ್ಷ ಬೆಲೆಯಿರುವ ಕಾರು ಐದನೆಯ ವರ್ಷದಲ್ಲಿ ಕಳವಾದರೆ ನಿಮಗೆ ಸಲ್ಲುವುದು ಸುಮಾರು 3 ಲಕ್ಷ. ಇದು ಮೋಸವಲ್ಲ, ವಿಮೆ ಕಳೆದದ್ದನ್ನು ತುಂಬಿಕೊಡುತ್ತದೆಯೇ ಹೊರತು ಹಳೆಯದನ್ನು ಹೊಸದು ಮಾಡಿಕೊಡುವುದಿಲ್ಲ.

ರಿಪೇರಿಯ ಲೆಕ್ಕವೂ ಹೀಗೆಯೇ. ಕಾರಿನ ಪ್ಲಾಸ್ಟಿಕ್ ಬಂಪರಿಗೆ 8,000 ರೂಪಾಯಿ, ಮುಂದಿನ ಗಾಜಿಗೆ 6,000 ರೂಪಾಯಿ ಖರ್ಚಾಯಿತೆನ್ನಿ. ಪ್ಲಾಸ್ಟಿಕ್ಕು, ರಬ್ಬರು, ಟೈರು, ಬ್ಯಾಟರಿಗಳಿಗೆ ಅರ್ಧ ಬೆಲೆ ಕಳೆಯುತ್ತಾರೆ, ಗಾಜಿಗೆ ಕಳೆಯುವುದಿಲ್ಲ. ಅಲ್ಲಿಗೆ 10,000 ಆಯಿತು. ಸಣ್ಣ ಕಾರಾದರೆ ಅದರಲ್ಲಿ ಮೊದಲ 1,000 ರೂಪಾಯಿಯನ್ನು ನೀವೇ ಹೊರಬೇಕು. ಕೈಗೆ ಬರುವುದು 9,000. ಸವಕಳಿ ಕಳೆಯದಿರುವ ಪಾಲಿಸಿಯೂ ಉಂಟು; ಅದಕ್ಕೆ ಕಂತು ಹೆಚ್ಚು.

ಕ್ಲೇಮು ಮಾಡದೆ ಕಳೆದ ವರ್ಷಗಳಿಗೆ ರಿಯಾಯಿತಿ ಇದೆ. ಮೊದಲ ವರ್ಷಕ್ಕೆ ನೂರಕ್ಕೆ 20. ಅನಂತರ 25, 35, 45, ಕಡೆಗೆ 50ರವರೆಗೆ ಅದು ಏರುತ್ತದೆ. ಒಂದು ಸಣ್ಣ ತಗ್ಗಿನ ರಿಪೇರಿಗಾಗಿ ಕ್ಲೇಮು ಮಾಡಿದರೆ ಕೂಡಿಬಂದ ರಿಯಾಯಿತಿಯೆಲ್ಲ ಹೋಗುತ್ತದೆ. ಎರಡನ್ನೂ ತಕ್ಕಡಿಯಲ್ಲಿಟ್ಟು ನೋಡಿ ಮುಂದುವರಿಯುವುದು ಜಾಣತನ. ಈ ರಿಯಾಯಿತಿ ಕಾರಿನದಲ್ಲ, ನಿಮ್ಮದು. ಹಳೆಯ ಕಾರು ಮಾರಿ ಹೊಸದು ಕೊಂಡಾಗ ಅದನ್ನು ಜೊತೆಗೆ ಕೊಂಡೊಯ್ಯಬಹುದು. ಆದರೆ ಅದು ಸ್ವಂತ ನಷ್ಟದ ಕಂತಿಗೆ ಮಾತ್ರ ಅನ್ವಯಿಸುತ್ತದೆ. ಮೂರನೆಯವರ ಬಾಬಿನ ಕಂತಿನಲ್ಲಿ ಚೌಕಾಸಿಯಿಲ್ಲ.

ಏಕೆಂದರೆ ಆ ಕಂತನ್ನು ಗೊತ್ತುಮಾಡುವುದು ಕಂಪನಿಯಲ್ಲ. 1973ರ ಜನವರಿ 1ರಂದು ನೂರೇಳು ವಿಮಾ ಸಂಸ್ಥೆಗಳು ನಾಲ್ಕು ಸರ್ಕಾರಿ ಕಂಪನಿಗಳಾಗಿ ಒಂದುಗೂಡಿದವು. 2000ದ ವೇಳೆಗೆ ಖಾಸಗಿಯವರಿಗೆ ಮತ್ತೆ ಬಾಗಿಲು ತೆರೆಯಿತು. 2007ರಿಂದ ಸ್ವಂತ ನಷ್ಟದ ದರವನ್ನು ಆಯಾ ಕಂಪನಿಗೆ ಬಿಟ್ಟರು. ಮೂರನೆಯವರ ಭಾಗದ ದರ ಮಾತ್ರ ಅಧಿಕೃತವಾಗಿಯೇ ನಿಗದಿಯಾಗುತ್ತ ಬಂದಿದೆ. 2022ರ ಜೂನ್ 1ರಿಂದ ಬಂದ ದರದಂತೆ 1,000 ಸಿ.ಸಿ. ಮೀರದ ಖಾಸಗಿ ಕಾರಿಗೆ ಅದು ವರ್ಷಕ್ಕೆ 2,094 ರೂಪಾಯಿ. ವಿಮೆಯನ್ನು ನವೀಕರಿಸದೆ ಓಡಾಡುವ ಗಾಡಿಗಳು ಬಹಳವಾದ್ದರಿಂದ, ಸುಪ್ರೀಂ ಕೋರ್ಟಿನ ಆಜ್ಞೆಯ ಮೇರೆಗೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷದ, ಹೊಸ ಸ್ಕೂಟರು ಮೋಟಾರ್ ಸೈಕಲ್ಲುಗಳಿಗೆ ಐದು ವರ್ಷದ ಮೂರನೆಯವರ ವಿಮೆ ಮೊದಲೇ ಮಾಡಿಸಬೇಕಾಯಿತು.

ಕಡೆಯದಾಗಿ, ನಿಮ್ಮ ಮನೆಗೇ ತಟ್ಟುವ ಒಂದು ಮಾತು. ನಿಮ್ಮ ಕಾರಿನಲ್ಲಿ ನಿಮ್ಮ ಜೊತೆ ಕುಳಿತವರು ‘ಮೂರನೆಯವರೇ’? ಹೌದೆಂದೇ ನಾವು ಅಂದುಕೊಂಡಿರುತ್ತೇವೆ. ಬಾಡಿಗೆ ಕೊಡದೆ ಖಾಸಗಿ ಗಾಡಿಯಲ್ಲಿ ಜೊತೆಗೆ ಬರುವವರು ಬರೀ ಕಡ್ಡಾಯದ ಪಾಲಿಸಿಯ ರಕ್ಷಣೆಗೆ ಒಳಪಡುವುದಿಲ್ಲವೆಂದು 2006ರಲ್ಲಿ ತಿಲಕ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಸಮಗ್ರ ಪಾಲಿಸಿಯಿದ್ದರೆ ಅವರಿಗೂ ರಕ್ಷಣೆಯುಂಟೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2009ರಲ್ಲಿ ಸ್ಪಷ್ಟಪಡಿಸಿತು. 2012ರಲ್ಲಿ ಬಾಲಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೂ ಈ ಭೇದವನ್ನು ಎತ್ತಿಹಿಡಿಯಿತು. ಯೋಚಿಸಿ ನೋಡಿ. ಬೀದಿಯಲ್ಲಿ ಹೋಗುವ ಅಪರಿಚಿತನಿಗೆ ನಿಮ್ಮ ಅಗ್ಗದ ಪಾಲಿಸಿ ರಕ್ಷೆ ಕೊಡುತ್ತದೆ. ಹಿಂದಿನ ಸೀಟಿನಲ್ಲಿ ಕುಳಿತ ಅತ್ತಿಗೆಗೋ ಅವರ ಮಗುವಿಗೋ ಕೊಡದೆ ಇರಬಹುದು! ಕಾರು ಹಳೆಯದಾಯಿತು, ಇನ್ನು ಕಡ್ಡಾಯದ್ದೊಂದಿದ್ದರೆ ಸಾಕು ಎಂದು ತೀರ್ಮಾನಿಸುವವರು ಕಾರಿನ ಬೆಲೆಯನ್ನಷ್ಟೇ ಲೆಕ್ಕ ಹಾಕಿರುತ್ತಾರೆ. ಅದರೊಳಗೆ ಕೂರುವವರ ಲೆಕ್ಕ ಬಿಟ್ಟುಹೋಗಿರುತ್ತದೆ.

ಆದ್ದರಿಂದ ಈ ಲೇಖನ ಓದಿ ಮುಗಿಸಿದ ಮೇಲೆ ಒಮ್ಮೆ ಎದ್ದು ಆ ಕಾಗದವನ್ನು ತೆಗೆದು ನೋಡಿ. ಅವಧಿ ಯಾವ ದಿನಕ್ಕೆ ಮುಗಿಯುತ್ತದೆ? ಎರಡು ಭಾಗಗಳೂ ಇವೆಯೇ, ಒಂದೇ ಇದೆಯೇ? ಜೊತೆಯಲ್ಲಿ ಕೂರುವವರ ಬಗ್ಗೆ ಏನು ಬರೆದಿದೆ? ಹಳೆಯ ಕಾರನ್ನು ಕೊಂಡಿದ್ದರೆ ಪಾಲಿಸಿ ನಿಮ್ಮ ಹೆಸರಿಗೆ ಬಂದಿದೆಯೇ? ಕಾರು ಕೈ ಬದಲಾದ ಹದಿನಾಲ್ಕು ದಿನಗಳೊಳಗೆ ವರ್ಗಾವಣೆಗೆ ಅರ್ಜಿ ಕೊಡಬೇಕು. ಇಲ್ಲವಾದರೆ ಸ್ವಂತ ನಷ್ಟದ ಭಾಗ ನಿಮ್ಮ ಪಾಲಿಗೆ ಇಲ್ಲದಂತೆಯೇ. ದೇವರು ಹಾಗೆ ಮಾಡದಿರಲಿ, ಮನೆಯವರೇ ಯಾರದೋ ಗಾಡಿಗೆ ಸಿಕ್ಕಿ ನೊಂದರೆ ಟ್ರಿಬ್ಯೂನಲ್ಲಿಗೆ ಹೋಗಲು ತಡಮಾಡಬೇಡಿ. ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕೆಂದು 2019ರ ತಿದ್ದುಪಡಿ ಹೇಳುತ್ತದೆ.

ವರ್ಷವಿಡೀ ನಿಮ್ಮ ಕಾರು ಯಾರಿಗೂ ತಗುಲದೆ, ಕಟ್ಟಿದ ಕಂತು ‘ದಂಡ’ವಾಗಿ ಹೋದರೆ ಬೇಸರಪಡಬೇಡಿ. ಆ ಹಣ ಎಲ್ಲಿಯೋ ಒಂದು ಊರಿನಲ್ಲಿ, ನೀವು ಕಾಣದ ಒಂದು ಮನೆಯ ಒಲೆ ಆರದಂತೆ ನೋಡಿಕೊಂಡಿರುತ್ತದೆ. ಹಾಗೆ ನೋಡಿಕೊಳ್ಳಲೆಂದೇ ಅದನ್ನು ಕಡ್ಡಾಯ ಮಾಡಿದ್ದು.